ಸ್ಫಟಿಕದಲ್ಲಿ ಕೆತ್ತಿದ ಪುರಾಣ: ಬೆರ್ನಾರ್ದಿಯ ‘ಟಿಟಿಯಸ್’

ಪುರಾಣಕಥೆಗಳು ಬಾಯಿಂದ ಬಾಯಿಗೆ ಮಾತ್ರ ಸಾಗುವುದಿಲ್ಲ. ಅವು ಕಾವ್ಯಕ್ಕೆ, ಚಿತ್ರಕ್ಕೆ, ಲೋಹಕ್ಕೆ, ಅಂಗೈಯಲ್ಲಿ ಹಿಡಿಯಬಹುದಾದ ಹರಳಿಗೂ ದಾಟಿಕೊಳ್ಳುತ್ತವೆ. ಹಾಗೆ ದಾಟುವ ಕಥೆಯ ಒಡೆತನ ಯಾರದು ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಟಿಟಿಯಸ್’ ಎಂಬ ಸ್ಫಟಿಕದ ಕೆತ್ತನೆ ಉತ್ತಮ ನಿದರ್ಶನವಾಗಿದೆ. ಇದು ಯೂರೋಪಿನ ಪುನರುಜ್ಜೀವನ ಯುಗದ ಹರಳು ಕೆತ್ತನೆಗಾರ ಜೊವಾನಿ ಬೆರ್ನಾರ್ದಿಯ (1494–1553) ಕೃತಿ.

ಟಿಟಿಯಸ್ ಗ್ರೀಕ್ ಪುರಾಣದ ದೈತ್ಯ. ಅಪೊಲೊ ಮತ್ತು ಆರ್ಟೆಮಿಸ್ ದೇವತೆಗಳ ತಾಯಿಯಾದ ಲೀಟೊಳ ಮೇಲೆ ಕೈಮಾಡಿದ ತಪ್ಪಿಗೆ ಪಾತಾಳದಲ್ಲಿ ಬಿದ್ದಿರುವ ಅವನ ಯಕೃತ್ತನ್ನು ರಣಹದ್ದು ಕುಕ್ಕಿ ತಿನ್ನುತ್ತದೆ. ಹೋಮರನ ‘ಒಡಿಸ್ಸಿ’ಯಲ್ಲಿ ಹದ್ದುಗಳು ಎರಡು, ರೋಮನ್ ಕವಿ ವರ್ಜಿಲನಲ್ಲಿ ಹದ್ದು ಒಂದೇ, ತಿಂದಷ್ಟೂ ಯಕೃತ್ತು ಮತ್ತೆ ಬೆಳೆಯುತ್ತದೆ. ಕ್ರಿ.ಪೂ. 1ನೆಯ ಶತಮಾನದ ಲುಕ್ರೀಷಿಯಸನು ಪಾತಾಳದ ಟಿಟಿಯಸನನ್ನೇ ನಿರಾಕರಿಸಿ, ಮೋಹದಲ್ಲಿ ಬೇಯುವ ಮನುಷ್ಯನೇ ಟಿಟಿಯಸ್ ಎಂದು ಅರ್ಥೈಸಿದನು. ಲಿಖಿತ ಪರಂಪರೆಯಲ್ಲಿಯೂ ಕಥೆಗೆ ಒಂದೇ ಪಾಠವಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆರ್ನಾರ್ದಿಯ ಕೆತ್ತನೆಗೆ ಆಧಾರ ಮೈಕೆಲೇಂಜೆಲೊನ ರೇಖಾಚಿತ್ರ. 1532ರ ಸುಮಾರಿಗೆ ಅದನ್ನು ಆತ ತನ್ನ ಪ್ರೀತಿಯ ತರುಣ ಗೆಳೆಯ ತೊಮ್ಮಾಸೊ ದೆ ಕಾವಲಿಯೇರಿಗೆ ಕಾಣಿಕೆಯಾಗಿ ಕೊಟ್ಟನು. ಈ ಚಿತ್ರ ಈಗ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ. ಅದೇ ಹಾಳೆಯ ಹಿಂಬದಿಯಲ್ಲಿ ಟಿಟಿಯಸನ ದೇಹದ ಗೆರೆಗಳನ್ನೇ ತಿರುಗಿಸಿ ಪುನರುತ್ಥಾನಗೊಂಡ ಕ್ರಿಸ್ತನನ್ನು ಮೂಡಿಸಲಾಗಿದೆ. ಶಿಕ್ಷೆಗೊಳಗಾದವನ ಒಡಲು ಮೃತ್ಯುವನ್ನು ಗೆದ್ದವನ ಒಡಲಾಗಿರುವುದು ಗಮನಾರ್ಹ.

ಕಾಣಿಕೆಯು ಬಹುಕಾಲ ಖಾಸಗಿಯಾಗಿ ಉಳಿಯಲಿಲ್ಲ. 1533ರ ಸೆಪ್ಟೆಂಬರಿನಲ್ಲಿ ಕಾವಲಿಯೇರಿ ಮೈಕೆಲೇಂಜೆಲೊನಿಗೆ ಬರೆದ ಪತ್ರ ಇದಕ್ಕೆ ಸಾಕ್ಷಿ. ಚಿತ್ರಗಳನ್ನು ಕಂಡ ಕಾರ್ಡಿನಲ್ ಇಪ್ಪೊಲಿತೊ ದೆ ಮೆದಿಚಿ ‘ಟಿಟಿಯಸ್’ ಮತ್ತು ‘ಗ್ಯಾನಿಮೀಡ್’ ಎರಡನ್ನೂ ಸ್ಫಟಿಕದಲ್ಲಿ ಮಾಡಿಸಲು ಬಯಸಿದನು. ಮೊದಲನೆಯದನ್ನು ತಡೆಯಲಾಗಲಿಲ್ಲ, ಅದನ್ನು ಈಗ ಮೇಸ್ತ್ರಿ ಜೊವಾನಿ ಕೆತ್ತುತ್ತಿದ್ದಾನೆ, ಎರಡನೆಯದನ್ನು ಉಳಿಸಿಕೊಳ್ಳಲು ಬಹಳ ಪಾಡುಪಟ್ಟೆ ಎಂಬುದು ಪತ್ರದ ಸಾರ. ಗೆಳೆತನದ ಗುರುತು ಪ್ರತಿಯಾಗಿ ಹೊರಗೆ ಹೋಗುವ ಆತಂಕ ಇಲ್ಲಿ ಕಾಣುತ್ತದೆ. ಕಾರ್ಡಿನಲನ ಅಧಿಕಾರದ ಮುಂದೆ ಆ ತರುಣನ ಮಾತಿಗಿದ್ದ ಬೆಲೆಯೂ ತಿಳಿಯುತ್ತದೆ.

ಆದರೆ ಬೆರ್ನಾರ್ದಿಯನ್ನು ಕೇವಲ ನಕಲುಗಾರನೆಂದು ಕರೆಯಲಾಗದು. ಸ್ಫಟಿಕವು ಉಕ್ಕಿನ ಉಳಿಗೆ ಬಗ್ಗುವ ಕಲ್ಲಲ್ಲ. ತಿರುಗುವ ಪುಟ್ಟ ಲೋಹದ ಚಕ್ರಕ್ಕೆ ಎಣ್ಣೆ ಬೆರೆಸಿದ ಕುರುಂದದ ಅಥವಾ ವಜ್ರದ ಪುಡಿ ಹಚ್ಚಿ, ಕಲ್ಲನ್ನು ಅದಕ್ಕೆ ಒತ್ತಿ ಹಿಡಿದು, ಕಣಕಣವಾಗಿ ಸವೆಸಬೇಕು. ಚಿತ್ರದಲ್ಲಿ ನೆರಳಿನಿಂದ ಉಬ್ಬಿದಂತೆ ಕಂಡ ಮಾಂಸಖಂಡವನ್ನು ಇಲ್ಲಿ ತಗ್ಗಾಗಿ ತೋಡಬೇಕು. ಎಡ-ಬಲಗಳು ಅಚ್ಚಿನಲ್ಲಿ ಅದಲುಬದಲಾಗುತ್ತವೆ. ಹೆಚ್ಚು ಸವೆದ ಜಾಗವನ್ನು ಮತ್ತೆ ತುಂಬಲು ಬಾರದು. ಹಾಳೆಯ ಚೌಕಟ್ಟಿನಲ್ಲಿದ್ದ ದೃಶ್ಯವನ್ನು ಅಂಡಾಕಾರದ ಹರಳಿಗೆ ಹೊಂದಿಸಿದ ವಿವೇಕವೂ ಆ ಕುಶಲಕರ್ಮಿಯದೇ. ಜನಪದ ಗಾಯಕನು ಕೇಳಿದ ಕಥೆಯನ್ನು ತನ್ನ ಮಟ್ಟಿಗೆ ಒಗ್ಗಿಸಿಕೊಳ್ಳುವಾಗ ನಡೆಯುವ ಕ್ರಿಯೆಯೂ ಇದಕ್ಕಿಂತ ತೀರ ಭಿನ್ನವಲ್ಲ.

ಈ ಕೆತ್ತನೆಯ ವಿನ್ಯಾಸ ಮುಂದೆ ಕಂಚಿನ ಪುಟ್ಟ ಫಲಕಗಳಾಗಿ ಎರಕಗೊಂಡು ಹಲವರ ಕೈಸೇರಿತು. ಇಪ್ಪೊಲಿತೊ 1535ರಲ್ಲಿ ತೀರಿಕೊಂಡನು. ಕಾವಲಿಯೇರಿ ಕಾಪಾಡಲು ಬಯಸಿದ ಹಾಳೆ ಇಂದಿಗೂ ಒಂದೇ ಆಗಿ ಉಳಿದಿದೆ. ಚಿತ್ರ ಮಾತ್ರ ಹಲವಾಯಿತು. ಆ ಚಿತ್ರದ ಕರ್ತೃತ್ವವನ್ನು ಮೈಕೆಲೇಂಜೆಲೊನಿಗೆ ಮಾತ್ರ ಸಲ್ಲಿಸುವುದು ರೂಢಿ. ಕಥೆಯ ಪ್ರಸರಣವನ್ನು ಅಧ್ಯಯನ ಮಾಡುವವರು ಚಕ್ರದ ಮುಂದೆ ಕುಳಿತು ಕಲ್ಲನ್ನು ಸವೆಸಿದ ಬೆರ್ನಾರ್ದಿಯ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯಬೇಕಾಗುತ್ತದೆ.