ಕೋಟದ ಪಾತ್ರಿಗಳು, ಮೂಡೂರಿನ ಅಜ್ಜಿ

1970ರ ದಶಕದ ಆರಂಭದಲ್ಲಿ ಕೋಟದ ಮನೆಗಳಿಗೆ ಕೆಲವರು ಪ್ರಶ್ನೆಪಟ್ಟಿ ಹಿಡಿದು ಬರತೊಡಗಿದರು. ಉಡುಪಿಗೂ ಕುಂದಾಪುರಕ್ಕೂ ನಡುವೆ, ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ ತೋಟಗಳಿರುವ ಊರು ಅದು. ಬಂದವರು ಗದ್ದೆ ಎಷ್ಟು ಮುಡಿ ಎಂದು ಕೇಳಲಿಲ್ಲ, ಮನೆಯಲ್ಲಿ ಎಷ್ಟು ಜನ ಓದಿದವರು ಎಂಬುದಕ್ಕೇ ನಿಲ್ಲಲಿಲ್ಲ. ರಾತ್ರಿ ನಿದ್ದೆ ಬರುತ್ತದೆಯೇ, ಸುಮ್ಮಸುಮ್ಮನೆ ಎದೆ ಡವಗುಟ್ಟುತ್ತದೆಯೇ, ಮೈಮೇಲೆ ಏನಾದರೂ ಬಂದದ್ದುಂಟೇ, ಹಾಗಾದಾಗ ಯಾರ ಹತ್ತಿರ ಹೋದಿರಿ ಎಂಬಂಥ ಮಾತುಗಳನ್ನು ವಿಚಾರಿಸಿದರು.

ಈ ಕೆಲಸದ ಹಿಂದೆ ಇಬ್ಬರು ಮನೋವೈದ್ಯರಿದ್ದರು. ಒಬ್ಬರು ಎಡಿನ್‌ಬರೋದ ಜಿ. ಮಾರಿಸ್ ಕಾರ್‌ಸ್ಟೇರ್ಸ್. ಅದಕ್ಕೂ ಮೊದಲು ರಾಜಸ್ಥಾನದ ಹಳ್ಳಿಯಲ್ಲಿದ್ದು ‘ದಿ ಟ್ವೈಸ್ ಬಾರ್ನ್’ ಎಂಬ ಪುಸ್ತಕ ಬರೆದವರು. ಇನ್ನೊಬ್ಬರು ಮಣಿಪಾಲದಲ್ಲಿದ್ದ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾದ ಆರ್.ಎಲ್. ಕಪೂರ್. ಊರಿನ ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳನ್ನು ಅವರು ಆರಿಸಿಕೊಂಡಿದ್ದರು. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಸಾಗುವ ಅಳಿಯಕಟ್ಟು ಸಡಿಲಾಗಿ, ಅಪ್ಪನಿಂದ ಮಕ್ಕಳಿಗೆ ಸಾಗುವ ಮಕ್ಕಳಕಟ್ಟು ಬರುತ್ತಿದ್ದ ಕಾಲ. ಮನೆತನದ ಬುಡವೇ ಅಲುಗುವಾಗ ಮನುಷ್ಯರ ಮನಸ್ಸಿಗೆ ಏನಾಗುತ್ತದೆ ಎಂಬುದು ಅವರ ಕುತೂಹಲ. ಎಲ್ಲ ಸೇರಿ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಯಿತು. ನಮ್ಮದೊಂದು ಸಣ್ಣ ಊರಿನ ಹೆಸರಿಗೆ ‘ಮಹಾ ಬ್ರಹ್ಮಾಂಡ’ ಎಂಬ ಗೌರವ ಸೇರಿಸಿದ ಆ ಪುಸ್ತಕವನ್ನು ನಮ್ಮ ಕಡೆಯವರೇ ಮರೆತಿದ್ದೇವೆ. ಹಾಗೆ ಮರೆತದ್ದಕ್ಕೆ ನನಗೆ ಬಹಳ ಬೇಸರವಿದೆ.

ಪುಸ್ತಕದ ಕೋಷ್ಟಕಗಳನ್ನು ಬದಿಗಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮನಸ್ಸು ಕೆಟ್ಟಾಗ ಕೋಟದ ಜನ ಯಾರ ಬಾಗಿಲಿಗೆ ಹೋಗುತ್ತಾರೆ ಎಂದು ನೋಡಿದಾಗ ವೈದ್ಯರಿಗೆ ಮೂರು ಬಗೆಯ ಜನ ಸಿಕ್ಕರು. ಕಷಾಯ, ಲೇಹ್ಯ ಕೊಡುವ ಪಂಡಿತರು. ಗ್ರಹಗತಿ ನೋಡಿ ಮಂತ್ರದ ನೂಲು ಕಟ್ಟುವ ಮಂತ್ರವಾದಿಗಳು. ಮೂರನೆಯವರು ಪಾತ್ರಿಗಳು, ಮೈಮೇಲೆ ದರ್ಶನ ಬಂದಾಗ ದೈವವಾಗಿಯೇ ಮಾತಾಡುವವರು. ಓದಿದವರೂ ಹೋಗುತ್ತಿದ್ದರು, ಓದದವರೂ ಹೋಗುತ್ತಿದ್ದರು. ಬೆಳಿಗ್ಗೆ ಡಾಕ್ಟರ ಹತ್ತಿರ ಇಂಜೆಕ್ಷನ್ ಚುಚ್ಚಿಸಿಕೊಂಡವರು ಸಂಜೆ ಪಾತ್ರಿಯ ಎದುರು ಕೈಮುಗಿದು ನಿಲ್ಲುವುದರಲ್ಲಿ ಯಾರಿಗೂ ವಿರೋಧ ಕಾಣುತ್ತಿರಲಿಲ್ಲ. ಹಳ್ಳಿಗಳಿಗೆ ಮಾನಸಿಕ ಆರೋಗ್ಯದ ವ್ಯವಸ್ಥೆ ಮಾಡಹೊರಟ ಸರಕಾರ ಈ ಜನರನ್ನು ಇಲ್ಲವೆಂಬಂತೆ ನಡೆದುಕೊಂಡರೆ ಆಗದು ಎಂಬುದು ಕಪೂರ್ ಅವರ ನಿಲುವಾಗಿತ್ತು. ವಿದೇಶದಲ್ಲಿ ತರಬೇತಿ ಪಡೆದು ಬಂದ ಮನೋವೈದ್ಯರೊಬ್ಬರು ಆ ಕಾಲದಲ್ಲಿ ಹೀಗೆ ಬರೆಯಲು ಧೈರ್ಯ ಬೇಕಿತ್ತು.

ಪಾತ್ರಿಯ ಕೆಲಸ ಏನೆಂದು ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಕೋಲದಲ್ಲಿ ದೈವದ ವೇಷ ಕಟ್ಟುವ ಪಾಣಾರರಂತೆ ಇವರಿಗೆ ಮುಖದ ಬಣ್ಣ, ಬೆನ್ನಿನ ಅಣಿ, ಕಾಲಿನ ಗಗ್ಗರ ಇಲ್ಲ. ಮಿಂದು ಕೆಂಪು ಪಟ್ಟೆ ಉಟ್ಟು, ಹಿಂಗಾರದ ಗೊನೆ ಹಿಡಿದು ನಿಲ್ಲುತ್ತಾರೆ, ಅಷ್ಟೆ. ಉಳಿದ ದಿನ ಅವರು ಗದ್ದೆಗೆ, ದೋಣಿಗೆ ಹೋಗುವ ನಮ್ಮ ನಿಮ್ಮಂಥವರು.

ಕುಂದಾಪುರದ ಕಡೆ ನಾನು ಕಂಡ ಒಂದು ದರ್ಶನ ಹೇಳುತ್ತೇನೆ. ಮದುವೆಯಾಗಿ ಹೋದ ಹುಡುಗಿ ತವರಿಗೆ ಬಂದವಳು ಊಟ ಬಿಟ್ಟಿದ್ದಳು. ಮಾತೂ ಕಡಿಮೆ. ಕತ್ತಲಾದರೆ ಮೂಲೆ ಹಿಡಿದು ನಡುಗುತ್ತಿದ್ದಳು. ಡಾಕ್ಟರ ಮದ್ದು ನಡೆಯುತ್ತಿತ್ತು. ಹಿರಿಯರು ಮನೆದೈವಕ್ಕೆ ಹೇಳಿಕೊಂಡು ಪಾತ್ರಿಯನ್ನು ಕರೆಸಿದರು. ಅವಳ ಗಂಡನ ಮನೆಯವರಿಗೂ ಹೇಳಿಕಳಿಸಿದ್ದರು. ಜಾಗಟೆಯ ಪೆಟ್ಟು ಏರುತ್ತಿದ್ದಂತೆ ಪಾತ್ರಿಯ ಹೆಗಲು ಅದುರಿತು, ಹಿಂಗಾರದ ಎಸಳು ನೆಲಕ್ಕೆಲ್ಲ ಉದುರಿತು. ಯಜಮಾನರು ಕಷ್ಟ ಅರಿಕೆ ಮಾಡಿದರು. ದೈವ ಹುಡುಗಿಯ ಕಡೆ ನೋಡಲೇ ಇಲ್ಲ. ನೆರೆದವರ ಕಡೆ ತಿರುಗಿ, “ಇವಳ ಮೇಲೆ ಯಾರಿಗಾದರೂ ಮುನಿಸುಂಟೇ? ಇದ್ದರೆ ನನ್ನೆದುರು ಹೇಳಿ” ಎಂದಿತು. ಯಾರೂ ಮಾತಾಡಲಿಲ್ಲ. ಮತ್ತೊಮ್ಮೆ ಕೇಳಿತು. ಕೊನೆಗೆ ಗಂಡನ ಕಡೆಯ ಹಿರಿಯರೊಬ್ಬರು ಚಿನ್ನದ ವಿಷಯ ಎತ್ತಿದರು. ತಿಂಗಳುಗಟ್ಟಲೆ ಎರಡೂ ಮನೆಯವರು ನುಂಗಿಕೊಂಡಿದ್ದ ಮಾತು ಅಂಗಳದಲ್ಲಿ ಹೊರಗೆ ಬಿತ್ತು. ಇನ್ನು ಆ ಮಾತು ಯಾರ ಬಾಯಲ್ಲೂ ಬರಕೂಡದು ಎಂದು ದೈವದ ಅಪ್ಪಣೆಯಾಯಿತು. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು ಗಂಧ ಕೊಟ್ಟು, “ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ. ಮದ್ದು ಬಿಡಬೇಡ. ಮದ್ದು ಕೊಡುವವನ ಕೈಯಲ್ಲೂ ನಾನಿದ್ದೇನೆ” ಎಂದಿತು.

ದರ್ಶನ ಇಳಿದ ಮೇಲೆ ಪಾತ್ರಿ ಜಗಲಿಯಲ್ಲಿ ಬೊಂಡ ಕುಡಿಯುತ್ತ ಕೂತಿದ್ದರು. ಮೊಗವೀರರು, ಮರುದಿನ ಬೆಳಗಿನ ಜಾವ ಕಡಲಿಗೆ ಹೋಗಬೇಕಾದವರು. ದೈವ ಹೇಳಿದ್ದು ನೆನಪಿದೆಯೇ ಎಂದು ಕೇಳಿದೆ. “ನಂಗೆಂತದೂ ಗೊತ್ತಿಲ್ಲೆ. ಹೆಣ್ ಉಂಡ್ತಾ?” ಎಂದರು. ಉಂಡಿದ್ದಳು.

ಅವರ ಮೈಮೇಲೆ ಬಂದದ್ದು ಏನು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಅಲ್ಲಿ ನಡೆದ ಕೆಲಸ ಮಾತ್ರ ಕಣ್ಣಿಗೆ ಕಾಣುವಂಥದ್ದು. ಸೊಸೆಯ ತಪ್ಪೆಂದು ಎಲ್ಲರೂ ಅಂದುಕೊಂಡಿದ್ದ ಕಾಯಿಲೆ ಎರಡು ಮನೆಗಳ ಹೊಣೆಯಾಯಿತು. ಮಾವನೆದುರು ತಲೆಯೆತ್ತದ ಹುಡುಗಿಯ ಪರವಾಗಿ ಮಾವನಿಗಿಂತ ದೊಡ್ಡ ಒಂದು ದನಿ ಮಾತಾಡಿತು. ಊರೇ ಸಾಕ್ಷಿಯಾದ್ದರಿಂದ ಕೊಟ್ಟ ಮಾತು ತಪ್ಪುವ ಹಾಗಿರಲಿಲ್ಲ. ಹೆದರಿದವಳಿಗೆ ಬೇಕಾದ್ದು ಇದೇ ಅಲ್ಲವೇ?

ಇದೇ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದವರು ಶಿವರಾಮ ಕಾರಂತರು. ಮನೋವೈದ್ಯರು ಊರಿಗೆ ಬರುವ ಕೆಲವೇ ವರ್ಷ ಮೊದಲು, 1968ರಲ್ಲಿ, ಅವರ ‘ಮೂಕಜ್ಜಿಯ ಕನಸುಗಳು’ ಪ್ರಕಟವಾಗಿತ್ತು. ಯಾವ ದೇವರಿಗೂ ಸುಲಭಕ್ಕೆ ತಲೆಬಾಗದ, ಕಂಡದ್ದನ್ನು ಮಾತ್ರ ನಂಬುವ ಕಾರಂತರು ತಮ್ಮ ಅತ್ಯುತ್ತಮ ಕಾದಂಬರಿಯ ನಡುವೆ ಕೂರಿಸಿದ್ದು ಅತೀಂದ್ರಿಯ ಶಕ್ತಿಯಿರುವ ಒಬ್ಬ ಮುದುಕಿಯನ್ನು. ಈ ಸಂಗತಿಯ ಬಗ್ಗೆ ನಮ್ಮ ವಿಮರ್ಶೆ ಇನ್ನೂ ಸಾಕಷ್ಟು ಯೋಚಿಸಿಲ್ಲ ಎಂದೇ ನನ್ನ ಭಾವನೆ.

ಆ ಮುದುಕಿ, ಮೂಡೂರಿನ ಮೂಕಾಂಬಿಕೆ, ಮಗುವಾಗಿದ್ದಾಗಲೇ ವಿಧವೆಯಾದವಳು. ಬಹಳ ಕಾಲ ಮಾತು ಕಡಿಮೆ ಮಾಡಿ ಬದುಕಿದವಳು. ಯಾವುದಾದರೂ ಹಳೆಯ ವಸ್ತುವನ್ನು ಅಂಗೈಯಲ್ಲಿಟ್ಟರೆ ಅದನ್ನು ಹಿಂದೆ ಮುಟ್ಟಿದವರ ಬದುಕು ಅವಳ ಕಣ್ಣಿಗೆ ಕಟ್ಟುತ್ತದೆ. ಮನುಷ್ಯರ ಎದೆಯೊಳಗಿನದ್ದೂ ತಿಳಿಯುತ್ತದೆ. ಊರಿನವರು ಅರಳುಮರಳು ಎನ್ನುತ್ತಾರೆ. ಮೊಮ್ಮಗ ಸುಬ್ಬರಾಯ ಮಾತ್ರ ಕೂತು ಕೇಳುತ್ತಾನೆ. ಇಷ್ಟು ಶಕ್ತಿಯಿದ್ದವಳು ಬೇಕಿದ್ದರೆ ಊರನ್ನೇ ಗಡಗಡ ನಡುಗಿಸಬಹುದಿತ್ತು. ನಿನಗೆ ಇಂಥ ದೋಷವಿದೆ, ಇಂಥ ಶಾಂತಿ ಮಾಡಿಸು ಎನ್ನಬಹುದಿತ್ತು. ಅವಳು ಮಾಡುವುದು ಅದಕ್ಕೆ ತದ್ವಿರುದ್ಧ. ಸಾವಿನ ಬಗ್ಗೆ ಭಯವಿಲ್ಲದೆ ಮಾತಾಡುತ್ತಾಳೆ. ಹೆಣ್ಣು ಗಂಡಿನ ಸಂಬಂಧ ಪಾಪವೆಂದು ಓಡಿಹೋಗುವ ಸನ್ಯಾಸವನ್ನು ಒಪ್ಪುವುದಿಲ್ಲ. ದೇವರುಗಳು ಮನುಷ್ಯನ ಮನಸ್ಸಿನಲ್ಲಿ ಹೇಗೆ ಹುಟ್ಟಿ ಬೆಳೆದರು ಎಂದು ಮೊಮ್ಮಗನಿಗೆ ಸಾವಧಾನವಾಗಿ ಬಿಡಿಸಿ ಹೇಳುತ್ತಾಳೆ. ಊರು ಬಾಯಿಗೆ ಬಂದಂತೆ ಆಡಿಕೊಂಡ ನಾಗಿ ಎಂಬ ಹೆಣ್ಣಿನ ಕಥೆಯನ್ನು ಛೀಮಾರಿ ಹಾಕದೆ ಕೇಳುತ್ತಾಳೆ. ಎಲ್ಲ ಕಾಣುವವಳ ಕೈಯಲ್ಲಿ ಕಾಣ್ಕೆ ಹೆದರಿಕೆಯ ಆಯುಧವಾಗದೆ ಕರುಣೆಯಾಗುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಪುಸ್ತಕ ನಾನು ಓದಿಲ್ಲ. 1977ರ ಜ್ಞಾನಪೀಠ ಕಾರಂತರಿಗೆ ಈ ಅಜ್ಜಿಯಿಂದಲೇ ಬಂತು. 2019ರಲ್ಲಿ ಪಿ. ಶೇಷಾದ್ರಿಯವರ ಸಿನಿಮಾದಲ್ಲಿ ಬಿ. ಜಯಶ್ರೀ ಅವಳಾದರು.

ಕೋಟದ ಪುಸ್ತಕ ಬಂದ ವರ್ಷವೇ, ಅಂದರೆ 1976ರಲ್ಲಿ, ಬೆಂಗಳೂರಿನಲ್ಲಿ ಇನ್ನೊಂದು ಗಲಾಟೆ ಎದ್ದಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಕೇಳಿದರು. ಬಾಬಾ ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದ ಆ ಗಾಂಧಿವಾದಿ ಮೇಷ್ಟ್ರ ಬಗ್ಗೆ ನನಗಿರುವ ಗೌರವ ಸಣ್ಣದಲ್ಲ. ಪವಾಡ ಮಾಡುತ್ತೇನೆ ಎನ್ನುವವರನ್ನು ತೋರಿಸಿ ಎಂದು ಕೇಳಿದ್ದು ಸರಿಯಾಗಿಯೇ ಇತ್ತು. ಆದರೆ ನಾಡಿನ ಚರ್ಚೆಯೆಲ್ಲ ಅಂದಿನಿಂದ ನಿಜವೋ ಸುಳ್ಳೋ ಎಂಬ ಒಂದೇ ಹಗ್ಗ ಹಿಡಿದು ಜಗ್ಗಾಡಿತು. ಜನ ಯಾಕೆ ಹೋಗುತ್ತಾರೆ, ಹೋಗಿಬಂದವರು ರಾತ್ರಿ ನಿದ್ದೆ ಮಾಡಿದರೇ ಎಂಬ ಕೋಟದ ಪ್ರಶ್ನೆ ಯಾರ ಕಿವಿಗೂ ಬೀಳಲಿಲ್ಲ. ಆ ಎರಡು ದಾರಿಗಳು ಒಂದಾಗಿದ್ದರೆ ಮೋಸವೂ ಬಯಲಾಗುತ್ತಿತ್ತು, ಸಾಂತ್ವನವೂ ಉಳಿಯುತ್ತಿತ್ತು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಮಾನಸಿಕ ಚಿಕಿತ್ಸೆಯ ಪ್ರಯೋಗ ಮಾಡಿದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದಲೇ ಮನೋರೋಗಕ್ಕೆ ಮದ್ದು ಕೊಡಿಸುವ ಯೋಜನೆ ಶುರುವಾಯಿತು. ದೇಶಕ್ಕೇ ಮಾದರಿಯಾದದ್ದು ಅದು. ಮದ್ದು ಹಳ್ಳಿಗೆ ಹೋಯಿತು, ಬಹಳ ಜನರ ಬಾಳು ನೇರವಾಯಿತು. ಪಾತ್ರಿಗೆ ಮಾತ್ರ ಆ ಯೋಜನೆಗಳಲ್ಲಿ ಜಾಗ ಸಿಗಲಿಲ್ಲ.

ನಂಬಿಕೆಯ ಹೆಸರಿನಲ್ಲಿ ನಡೆದ ಕ್ರೌರ್ಯವನ್ನು ಮುಚ್ಚಿಟ್ಟು ಇದನ್ನೆಲ್ಲ ಬರೆಯುವ ಹಾಗಿಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿ ದರ್ಗಾದ ಹತ್ತಿರದ ಖಾಸಗಿ ಆಶ್ರಯಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಮರುವರ್ಷವೇ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರ ಒಂದು ವರದಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ತಮಿಳುನಾಡಿನದೇ ಮುತ್ತುಸ್ವಾಮಿ ಎಂಬ ಸಣ್ಣ ಗುಡಿಯಲ್ಲಿ ಮದ್ದಿಲ್ಲದೆ, ಮನೆಯವರ ಜೊತೆಯಲ್ಲಿ ತಂಗಿದ್ದ 31 ರೋಗಿಗಳ ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಅಲ್ಲಿ ಪೂಜೆ ಪುನಸ್ಕಾರದ ಆರ್ಭಟವೂ ಇರಲಿಲ್ಲ. ಗುಡಿಯ ಗಿಡಕ್ಕೆ ನೀರು ಹಾಕುವುದು, ಗುಡಿಸುವುದು, ಹೊಡೆಯುವವರಿಲ್ಲದ ಒಂದು ನೆರಳಿನಲ್ಲಿರುವುದು, ಇಷ್ಟೇ. ಸರಪಳಿಗೂ ನೆರಳಿಗೂ ಇರುವ ವ್ಯತ್ಯಾಸವನ್ನು ಕಾನೂನು ಬರೆಯುವವರು ನೋಡಬೇಕು.

ಈಗ ನಮ್ಮ ಪೇಟೆಗಳ ಕಂಬಕಂಬದಲ್ಲಿ ಬೋರ್ಡುಗಳಿವೆ. ಕೇರಳದ ಮಂತ್ರ, ಕೊಳ್ಳೇಗಾಲದ ಮಾಟ, ವಶೀಕರಣ, ಫೋನಿನಲ್ಲೇ ಪರಿಹಾರ. ಬೆಳಿಗ್ಗೆ ಟಿ.ವಿ. ಹಾಕಿದರೆ ಒಬ್ಬರು ಕೂತು ಇವತ್ತು ಯಾವ ರಾಶಿಗೆ ಕಂಟಕ ಎಂದು ಹೆದರಿಸುತ್ತಾರೆ. ಇವರಿಗೆ ಕೇಳುವವರ ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಹುಡುಗಿ ಉಂಡಳೋ ಇಲ್ಲವೋ ಎಂಬ ಚಿಂತೆಯಿಲ್ಲ. ಒಂದು ಹೆದರಿಕೆ ತೆಗೆದಂತೆ ಮಾಡಿ ಇನ್ನೊಂದನ್ನು ಹುಟ್ಟಿಸಿದರಷ್ಟೇ ಮತ್ತೆ ಫೋನು ಬರುತ್ತದೆ. ಊರಿನ ಪಾತ್ರಿ ಹಾಗೆ ಮಾಡಿದರೆ ಮರುದಿನ ಅದೇ ಬೀದಿಯಲ್ಲಿ ಮುಖ ತೋರಿಸಬೇಕಿತ್ತು. 2017ರಲ್ಲಿ ಕರ್ನಾಟಕ ಮೌಢ್ಯ ಪ್ರತಿಬಂಧಕ ಕಾನೂನು ಮಾಡಿ, 2020ರಲ್ಲಿ ಜಾರಿಗೂ ತಂದಿದೆ. ಬೋರ್ಡುಗಳು ಇಳಿದಿಲ್ಲ.

ಬೋರ್ಡುಗಳ ಆಚೆ ಸರಕಾರದ ದಾರಿಯೂ ಇದೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. 2022ರಿಂದ ಟೆಲಿ ಮನಸ್ ಸಹಾಯವಾಣಿಯ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಎರಡು ಮಾಹಿತಿ ಕರಾವಳಿಯ ಪ್ರತಿಯೊಬ್ಬ ಪಾತ್ರಿಗೆ ಗೊತ್ತಿರಬೇಕು. ಆಶಾ ಕಾರ್ಯಕರ್ತೆ ಅವರ ಮನೆಗೂ ಹೋಗಬೇಕು, ಡಾಕ್ಟರು ಅವರ ಹೆಸರು ತಿಳಿದಿರಬೇಕು. ಮೈಮೇಲೆ ಬಂದಾಗ “ಮಂಗಳವಾರ ಆಸ್ಪತ್ರೆಗೆ ಹೋಗು” ಎಂದು ದೈವವೇ ಅಪ್ಪಣೆ ಕೊಟ್ಟರೆ ಮದ್ದು ತಪ್ಪಿಸುವವರು ನಮ್ಮ ಕಡೆ ಯಾರೂ ಇಲ್ಲ. ಕಪೂರ್ ಕೋಟದಲ್ಲಿ ಕಂಡದ್ದನ್ನು ಆರೋಗ್ಯ ಇಲಾಖೆ ಇನ್ನಾದರೂ ಓದಲಿ.