ವೆಬ್‌ಸೈಟಿಗೂ ಮೊದಲು ಕಿರ್ದಿ ಪುಸ್ತಕ ತೆಗೀರಿ!

ನವಲಗುಂದದ ಜಮಖಾನ, ಕಲಘಟಗಿಯ ತೊಟ್ಟಿಲು, ಕುಂದಗೋಳ ಕಡೆಯ ಬ್ಯಾಡಗಿ ಮೆಣಸಿನಕಾಯಿ. ಈ ಮಾಲುಗಳ ಹೆಸರು ಕೇಳದವರು ಈ ಸೀಮೆಯಲ್ಲಿ ಯಾರಿದ್ದಾರೆ? ಹೆಸರೇನೋ ಊರಿನದು, ಲಾಭ ಮಾತ್ರ ಯಾರದು? ಪ್ರಶ್ನೆ ಇರುವುದೇ ಇಲ್ಲಿ.

ಬೆಂಗಳೂರು, ಮುಂಬಯಿಯಲ್ಲಿ ಕೂತವರು ಮೊಬೈಲಿನ ಮೇಲೆ ಬೆರಳಾಡಿಸಿ ಮನೆಗೇ ಮಾಲು ತರಿಸುವ ಕಾಲ ಬಂದು ಬಹಳ ವರ್ಷಗಳಾದವು. ನಮ್ಮ ತಾಲೂಕುಗಳ ಸಣ್ಣ ವ್ಯಾಪಾರಸ್ಥರೂ 'ನಮ್ದೂ ಒಂದು ವೆಬ್‌ಸೈಟ್ ಆಗ್ಲಿ' ಎಂದು ಹೊರಟರೆ ತಪ್ಪೇನಿಲ್ಲ. ಆದರೆ ತಯಾರಿ ಇಲ್ಲದೆ ಹೊರಟರೆ ರೊಕ್ಕವೂ ಹೋದೀತು, ಹಿರಿಯರು ಗಳಿಸಿಟ್ಟ ಹೆಸರೂ ಹೋದೀತು.

ಕೈ ಎಷ್ಟು, ಮಾಲು ಎಷ್ಟು?

ನವಲಗುಂದದ ಜಮಖಾನ ಗಿರಣಿಯಲ್ಲಿ ಆಗುವ ವಸ್ತುವಲ್ಲ. ಬಿಜಾಪುರದ ಕಡೆಯಿಂದ ಬಂದು ನೆಲೆಸಿದ ನೇಕಾರ ಮನೆತನಗಳ ಕಸುಬು ಇದು. ಇದನ್ನು ಇಂದಿಗೂ ಉಳಿಸಿಕೊಂಡು ಬಂದವರು ಹೆಣ್ಣುಮಕ್ಕಳು. ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು, ಹತ್ತಿ ನೂಲು ಎಳೆದು, ಪಂಜಾದಿಂದ ಬಡಿದು, ನವಿಲು, ಪಗಡೆ ಹಾಸಿನ ಚಿತ್ರ ಮೂಡಿಸುತ್ತಾರೆ. ನೇಯುವ ಕೈಗಳೇ ಈಗ ಕಡಿಮೆ.

ಕಲಘಟಗಿಯ ತೊಟ್ಟಿಲೂ ಹಾಗೆಯೇ. ಸಾಗವಾನಿ ಕಟ್ಟಿಗೆ ಕೊರೆದು, ಬಣ್ಣ ಕೊಟ್ಟು, ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆಯ ಚಿತ್ರ ಬರೆಯಬೇಕು. ಇದು ದಿನ ಒಪ್ಪತ್ತಿನ ಕೆಲಸವಲ್ಲ. ಚಿತ್ರನಟ ಯಶ್ ಮತ್ತು ರಾಧಿಕಾ ಪಂಡಿತ್ ದಂಪತಿಯ ಮಗುವಿಗೆಂದು ನಟ ಅಂಬರೀಶ್ ತೊಟ್ಟಿಲು ಹೇಳಿದ್ದು ಇದೇ ಕಲಘಟಗಿಗೆ. 2018ರ ನವೆಂಬರಿನಲ್ಲಿ ಅವರು ತೀರಿಕೊಂಡರು, ತೊಟ್ಟಿಲು ಆಮೇಲೆ ಮಗುವಿನ ಮನೆ ಸೇರಿತು. ಆಗ ಸುದ್ದಿ ನಾಡಿಗೆಲ್ಲಾ ಹಬ್ಬಿತು.

ಸುದ್ದಿ ಹಬ್ಬುವುದು ಸಲೀಸು, ಮಾಲು ಮುಟ್ಟಿಸುವುದು ಕಷ್ಟ. ವೆಬ್‌ಸೈಟ್ ತೆರೆದ ತಿಂಗಳಲ್ಲೇ ಇಪ್ಪತ್ತು ತೊಟ್ಟಿಲಿಗೆ ಬೇಡಿಕೆ ಬಂತು ಅನ್ನಿ. ಮಾಡುವ ಕೈ ನಾಲ್ಕೇ ಇದ್ದರೆ? ಮುಂಗಡ ಕೊಟ್ಟವರು ದಿನಾ ಫೋನು ಮಾಡುತ್ತಾರೆ. ತೊಟ್ಟಿಲು ಮುಟ್ಟುವ ಹೊತ್ತಿಗೆ ಕೂಸು ಅಂಬೆಗಾಲು ಇಡುತ್ತಿರುತ್ತದೆ!

ಆದ್ದರಿಂದ ಮೊದಲ ತಯಾರಿ ಕಂಪ್ಯೂಟರಿನದಲ್ಲ, ಕಿರ್ದಿ ಪುಸ್ತಕದ್ದು. ಹೋದ ವರ್ಷ ಎಷ್ಟು ಮಾಡಿದಿರಿ, ಒಂದಕ್ಕೆ ಎಷ್ಟು ದಿನ ಹಿಡಿಯಿತು, ಕಚ್ಚಾ ಮಾಲಿಗೆ ಎಷ್ಟು, ಕೂಲಿಗೆ ಎಷ್ಟು, ಉಳಿದದ್ದು ಎಷ್ಟು? ಈ ಲೆಕ್ಕ ಕೈಯಲ್ಲಿದ್ದರೆ 'ಇಂತಿಷ್ಟು ದಿನಕ್ಕೆ ಕೊಡ್ತೇವಿ' ಎಂದು ಧೈರ್ಯವಾಗಿ ಬರೆಯಬಹುದು. ಲೆಕ್ಕ ಇಲ್ಲದ ಮಾತು ಗಿರಾಕಿಯ ಬೈಗುಳಕ್ಕೆ ದಾರಿ.

ಅಳತೆ, ತೂಕ, ಚಿತ್ರ

ಅಂಗಡಿಗೆ ಬಂದ ಗಿರಾಕಿ ಜಮಖಾನ ಮುಟ್ಟಿ ನೋಡುತ್ತಾನೆ, ಬಿಡಿಸಿ ಹಾಸಿ ನೋಡುತ್ತಾನೆ. ಮೊಬೈಲಿನಲ್ಲಿ ನೋಡುವವನಿಗೆ ಆ ಭಾಗ್ಯ ಇಲ್ಲ. ಅವನ ಕೈಯ ಕೆಲಸವನ್ನು ನೀವೇ ಬರೆದು ಕೊಡಬೇಕು. ಉದ್ದ, ಅಗಲ, ತೂಕ, ನೂಲು ಯಾವುದು, ಬಣ್ಣ ಬಿಡುತ್ತದೋ ಇಲ್ಲವೋ, ತೊಳೆಯುವುದು ಹೇಗೆ, ಎಲ್ಲವೂ ಬೇಕು. ತೊಟ್ಟಿಲಾದರೆ ಬಿಚ್ಚಿ ಕಳಿಸುತ್ತೀರೋ, ಹಾಗೇ ಕಳಿಸುತ್ತೀರೋ, ಜೋಡಿಸುವವರು ಯಾರು ಎಂಬುದೂ ಬೇಕು.

ಫೋಟೋಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ಬೆಳಗಿನ ಬಿಸಿಲು ಏರುವ ಮುಂಚೆ ಪಡಸಾಲೆಯ ಬೆಳಕು ಸಾಕು. ಹಿಂದೆ ಬಿಳಿ ಬಟ್ಟೆ ಕಟ್ಟಿರಿ. ಒಂದು ಚಿತ್ರ ಪೂರ್ತಿ ಮಾಲಿನದು, ಒಂದು ಕುಸುರಿ ಕೆಲಸ ಕಾಣುವಂತೆ ಹತ್ತಿರದ್ದು, ಇನ್ನೊಂದು ಗಾತ್ರ ತಿಳಿಯುವಂತೆ ಮನುಷ್ಯರು ಪಕ್ಕದಲ್ಲಿ ನಿಂತದ್ದು. ಬೇರೆಯವರ ಚಿತ್ರ ಕದ್ದು ಹಾಕಬೇಡಿ. ಬಂದ ಮಾಲು ಚಿತ್ರದ ಹಾಗಿಲ್ಲದಿದ್ದರೆ ಗಿರಾಕಿ ವಾಪಸ್ ಕಳಿಸುತ್ತಾನೆ, ಹೋಗಿ ಬರುವ ಬಾಡಿಗೆ ನಿಮ್ಮ ತಲೆಗೇ!

ಸಾಗಾಟದ ದರವನ್ನೂ ಮೊದಲೇ ಕೇಳಿಡಬೇಕು. ಅಂಚೆ ಕಚೇರಿಯ ಪಾರ್ಸಲ್, ಸಾರಿಗೆ ಬಸ್ಸಿನ ಕಾರ್ಗೋ, ಖಾಸಗಿ ಲಾರಿ, ಮೂರೂ ಕಡೆ ವಿಚಾರಿಸಿ ಬರೆದಿಟ್ಟುಕೊಳ್ಳಿ. ಸುತ್ತಿಟ್ಟ ಜಮಖಾನ ಕಳಿಸುವುದು ಬೇರೆ, ತೊಟ್ಟಿಲು ಕಳಿಸುವುದು ಬೇರೆ. 'ಸಾಗಾಟ ಫ್ರೀ' ಎಂದು ಹುರುಪಿನಲ್ಲಿ ಬರೆದವರಿಗೆ ಮೊದಲ ಬಿಲ್ಲು ಬಂದಾಗಲೇ ಬೆವರು ಬಿಡುವುದು.

ಕೀಲಿಕೈ ಯಾರ ಹತ್ತಿರ?

ಇನ್ನು ಎಲ್ಲಕ್ಕಿಂತ ದೊಡ್ಡ ಮಾತು. ವೆಬ್‌ಸೈಟಿಗೆ ಒಂದು ಹೆಸರು ಬೇಕು. ಅದಕ್ಕೆ ಡೊಮೇನ್ ಎನ್ನುತ್ತಾರೆ. '.ಕಾಮ್' ಇದೆ, '.ಇನ್' ಇದೆ, ಕನ್ನಡ ಅಕ್ಷರದಲ್ಲೇ '.ಭಾರತ' ಕೂಡ ಇದೆ. ಈ ಹೆಸರು ಕೊಂಡುಕೊಳ್ಳುವ ಜಾಗವಲ್ಲ, ಬಾಡಿಗೆಯ ಮಳಿಗೆ ಇದ್ದಂತೆ. ಅವಧಿ ಮುಗಿದಾಗ ಹಣ ಕಟ್ಟಿ ಮುಂದುವರಿಸಬೇಕು, ಇಲ್ಲದಿದ್ದರೆ ಬೇರೆಯವರ ಪಾಲಾಗುತ್ತದೆ.

ಸಾಮಾನ್ಯವಾಗಿ ವೆಬ್‌ಸೈಟ್ ಮಾಡಿಕೊಡುವ ಹುಡುಗ 'ಎಲ್ಲಾ ನಾನs ನೋಡ್ಕೋತೇನ್ರೀ ಕಾಕಾ' ಎಂದು ತನ್ನ ಹೆಸರಿನಲ್ಲೇ ನೋಂದಣಿ ಮಾಡಿಬಿಡುತ್ತಾನೆ. ನಾಳೆ ಅವನು ಊರು ಬಿಟ್ಟರೆ ಅಥವಾ ಮನಸ್ತಾಪ ಬಂದರೆ? ಅಂಗಡಿ ನಿಮ್ಮದು, ಕೀಲಿಕೈ ಅವನದು! ಡೊಮೇನ್ ನೋಂದಣಿ ಮಾಲೀಕರ ಹೆಸರಿನಲ್ಲಿ, ಮಾಲೀಕರ ಇಮೇಲು ಮತ್ತು ಫೋನ್ ನಂಬರಿನಲ್ಲಿಯೇ ಆಗಬೇಕು. ಪಾಸ್‌ವರ್ಡು ಮನೆಯ ಪುಸ್ತಕದಲ್ಲಿ ಬರೆದಿರಬೇಕು. ಏನೇನು ಕೆಲಸ, ಎಷ್ಟು ರೊಕ್ಕ, ಎಷ್ಟು ದಿನ, ಮುಂದಿನ ವರ್ಷ ರಿಪೇರಿಗೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ವ್ಯವಹಾರ ಸಂತೆಯಲ್ಲಿ ನಡೆದೀತು, ಇಲ್ಲಿ ನಡೆಯದು.

ಊರಿನ ಹೆಸರಿಗೂ ಕಾಯ್ದೆ ಉಂಟು

ನವಲಗುಂದ ಜಮಖಾನಕ್ಕೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿದೆ. ಎಲ್ಲೋ ಯಂತ್ರದಲ್ಲಿ ನೇಯ್ದ ಹಾಸನ್ನು 'ನವಲಗುಂದದ್ದು' ಎಂದು ಮಾರುವುದು ಕಾನೂನಿಗೆ ವಿರುದ್ಧ. ಆದರೆ ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ಜಿಐ ಮುದ್ರೆ ಹಾಕಲು ಬರುವುದಿಲ್ಲ. ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸಬೇಕು. ಈ ಕಾಗದ ಇದ್ದರೆ ವೆಬ್‌ಸೈಟಿನಲ್ಲಿ ಅದೇ ದೊಡ್ಡ ಬೋರ್ಡು. ನಕಲಿ ಮಾಲಿನ ಮುಂದೆ ನಮ್ಮ ನೇಕಾರರಿಗೆ ಇರುವ ಗುರಾಣಿಯೂ ಅದೇ.

ಖಾರದ ಪುಡಿ, ಚಟ್ನಿ ಪುಡಿ, ರೊಟ್ಟಿ ಮಾರುವವರಿಗೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಬೇಕು. ಜಿಎಸ್‌ಟಿಯ ವಿಷಯ ಸ್ವಲ್ಪ ಸೂಕ್ಷ್ಮ. ರಾಜ್ಯದೊಳಗೆ ಮಾರುವುದಕ್ಕೆ ಒಂದು ನಿಯಮ, ಹೊರರಾಜ್ಯಕ್ಕೆ ಇನ್ನೊಂದು, ಕರಕುಶಲ ವಸ್ತುಗಳಿಗೆ ಬೇರೆ ರಿಯಾಯಿತಿ. ಹುಬ್ಬಳ್ಳಿಗೆ ಹೋದಾಗ ತೆರಿಗೆ ಸಲಹೆಗಾರರ ಹತ್ತಿರ ಒಂದು ತಾಸು ಕೂತು ಬರುವುದು ಲೇಸು.

2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳೂ ಇವೆ. ಮಾರುವವರ ಹೆಸರು, ವಿಳಾಸ, ಫೋನು, ಪೂರ್ತಿ ಬೆಲೆ, ವಾಪಸಾತಿಯ ಷರತ್ತು ಎದುರಿಗೇ ಕಾಣಬೇಕು. ದೂರು ಬಂದರೆ 48 ತಾಸಿನೊಳಗೆ 'ಮುಟ್ಟಿತು' ಎಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು.

ಹುಷಾರಾಗಿರಬೇಕಾದ ಮತ್ತೊಂದು ಜಾಗ ರೊಕ್ಕದ್ದು. 'ಮುಂಗಡ ಕಳಿಸ್ತೇನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ರಿ' ಎಂದು ಯಾರಾದರೂ ಹೇಳಿದರೆ ಅವನು ಗಿರಾಕಿ ಅಲ್ಲ, ಕಳ್ಳ! ಹಣ ನಿಮಗೆ ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹೋಗುವುದಕ್ಕೆ.

ಹಾಗಾದರೆ ಎಲ್ಲರೂ ನಾಳೆಯೇ ವೆಬ್‌ಸೈಟ್ ಮಾಡಿಸಬೇಕೇ? ಬೇಡ. ಮೊದಲು ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತು ಹಾಕಿಸಿ, ವಾಟ್ಸಾಪ್ ಬಿಸಿನೆಸ್‌ನಲ್ಲಿ ಹತ್ತು ಮಾಲಿನ ಚಿತ್ರ, ದರ ಇಡಿ. ಎರಡಕ್ಕೂ ಖರ್ಚಿಲ್ಲ. ಆರು ತಿಂಗಳು ಬಂದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ಗಿರಾಕಿ ಏನು ಕೇಳುತ್ತಾನೆ, ಎಲ್ಲಿಯವನು, ಯಾವ ದರಕ್ಕೆ ಹಿಂದೆ ಸರಿಯುತ್ತಾನೆ ಎಂಬುದೆಲ್ಲ ಆಗ ತಾನಾಗಿ ತಿಳಿಯುತ್ತದೆ. ಅದೇ ವಹಿ ಹಿಡಿದುಕೊಂಡು ವೆಬ್‌ಸೈಟ್ ಮಾಡುವವರ ಹತ್ತಿರ ಹೋದರೆ ಮೋಸ ಹೋಗುವ ಮಾತಿಲ್ಲ.

ಮಗ್ಗದ ಮುಂದೆ ಕೂತ ತಾಯಂದಿರಿಗೆ ದಲಾಲಿ ಕಳೆದು ಉಳಿದದ್ದು ಸಿಗಬೇಕೋ, ಪೂರ್ತಿ ಬೆಲೆ ಸಿಗಬೇಕೋ? ಇಷ್ಟೆಲ್ಲ ತಯಾರಿ ಬೇಕಾಗಿರುವುದು ಅದಕ್ಕಾಗಿ. ಕೂಲಿ ಗಿಟ್ಟದ ಕಸುಬನ್ನು ಮಕ್ಕಳು ಕಲಿಯುವುದಿಲ್ಲ. ಕಲಿಯುವವರೇ ಇಲ್ಲವಾದರೆ ಯಾವ ವೆಬ್‌ಸೈಟಿನಲ್ಲಿ ಏನು ಮಾರುವುದು?