‘ಹಾಗನ್ನಿಸಿದ್ದು ಯಾಕೆ?’

ಮಂಚದ ಮೇಲೆ ಕೆಂಗೂದಲಿನ ತರುಣನೊಬ್ಬ ಒರಗಿದ್ದಾನೆ. ಒಂದು ಕೈ ನೆಲದತ್ತ ಜೋತುಬಿದ್ದಿದೆ. ಹರಿದ ಕಾಗದದ ಚೂರುಗಳು, ಒಂದು ಪುಟ್ಟ ಸೀಸೆ. ನಿದ್ದೆಯೋ, ಅಮಲೋ, ಸಾವೋ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿ ಇಂಥ ಚಿತ್ರಗಳ ಮುಂದೆ ನಿಲ್ಲುವ ವೈದ್ಯ ವಿದ್ಯಾರ್ಥಿಗಳು ಅವಸರದ ತೀರ್ಮಾನಕ್ಕೆ ಬರುವಂತಿಲ್ಲ. ಮೈಬಣ್ಣ, ಬೆಳಕು, ಕೈಯ ಭಂಗಿ, ಹೀಗೆ ಕಂಡದ್ದನ್ನೆಲ್ಲ ಮೊದಲು ಹೇಳಬೇಕು. ಇದು ಕವಿ ಥಾಮಸ್ ಚಾಟರ್ಟನ್‌ನ ಸಾವು, ಬರೆದವನು ಹೆನ್ರಿ ವಾಲಿಸ್ ಎಂಬುದೆಲ್ಲ ಆಮೇಲಿನ ಮಾತು.

ಈ ಪಾಠ ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್ ಅವರದು. ವಿದ್ಯಾರ್ಥಿಗಳು ರೋಗಿಯನ್ನು ಸರಿಯಾಗಿ ನೋಡುತ್ತಿಲ್ಲ ಎಂಬ ಕೊರಗು ಅವರಿಗಿತ್ತು. ಪರಿಚಯವೇ ಇಲ್ಲದ್ದನ್ನು ಮುಂದಿಟ್ಟರೆ ಕಣ್ಣು ಚುರುಕಾದೀತೆಂದು, 1990ರ ದಶಕದ ಕೊನೆಯಲ್ಲಿ ಕಲಾ ಕೇಂದ್ರದ ಲಿಂಡಾ ಫ್ರೀಡ್‌ಲ್ಯಾಂಡರ್ ಜೊತೆ ಕೈಜೋಡಿಸಿದರು. ಈ ತರಬೇತಿಯಿಂದ ಗಮನಿಸುವ ಶಕ್ತಿ ಹೆಚ್ಚಿತೆಂಬ ಅವರ ಅಧ್ಯಯನ 2001ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್, ಮನಃಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಜೊತೆ ಸೇರಿ ಹೀಗೆ ಚಿತ್ರ ನೋಡುವುದಕ್ಕೆಂದೇ ಮೂರು ಸರಳ ಪ್ರಶ್ನೆಗಳನ್ನು ರೂಪಿಸಿದ್ದರು: ಚಿತ್ರದಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗೆ ಹೇಳಿದಿರಿ? ಇನ್ನೇನು ಕಾಣುತ್ತಿದೆ?

ಎರಡನೆಯ ಪ್ರಶ್ನೆಯಲ್ಲೇ ಇದೆ ಜೀವಾಳ. ನಮ್ಮ ತೀರ್ಮಾನದ ಹಿಂದಿನ ಊಹೆಯನ್ನು ನಾವೇ ನೋಡಿಕೊಳ್ಳುವಂತೆ ಅದು ಮಾಡುತ್ತದೆ. ವೈದ್ಯರಿಗೂ ಬೇಕಾದದ್ದು ಇದೇ. ರೋಗಿಯ ಸಂಸ್ಕೃತಿಯನ್ನು ಯಾರೂ ಪೂರ್ತಿ ಕಲಿತು ಮುಗಿಸಲಾಗದು, ವೈದ್ಯರು ತಮ್ಮ ಪೂರ್ವಗ್ರಹಗಳನ್ನೇ ಬಾಳಿನುದ್ದಕ್ಕೂ ಪರೀಕ್ಷಿಸಿಕೊಳ್ಳಬೇಕು ಎಂದು ವೈದ್ಯೆಯರಾದ ಮೆಲನಿ ಟರ್ವಲಾನ್ ಮತ್ತು ಜಾನ್ ಮರೇ-ಗಾರ್ಸಿಯಾ 1998ರಲ್ಲಿ ಬರೆದರು. ಅದನ್ನವರು ‘ಸಾಂಸ್ಕೃತಿಕ ವಿನಯ’ ಎಂದು ಕರೆದರು.

ಇಂಥ ಕಲಿಕೆ ದೇಶದ ಗಡಿ ದಾಟಲು ದಾರಿಯೂ ತೆರೆಯಿತು. ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಪಾಠ ಹೇಳುತ್ತಿದ್ದ ಜಾನ್ ರೂಬಿನ್, ಎರಡು ದೇಶಗಳ ತರಗತಿಗಳು ಆನ್‌ಲೈನಿನಲ್ಲಿ ಕೂಡಿ ಕಲಿಯುವ ‘ಕಾಯಿಲ್’ ಪದ್ಧತಿಗೆ 2006ರಲ್ಲಿ ಕೇಂದ್ರವೊಂದನ್ನು ಕಟ್ಟಿದರು. ಕೋವಿಡ್ ಬಂದು ಸಂಗ್ರಹಾಲಯಗಳು ಬಾಗಿಲು ಹಾಕಿದಾಗ ಚಿತ್ರಗಳೇ ಪರದೆಗೆ ಬಂದವು. ಬೆಂಗಳೂರಿನ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ ‘ಮ್ಯಾಪ್’ 2020ರ ಡಿಸೆಂಬರಿನಲ್ಲಿ ಮೊದಲು ತೆರೆದದ್ದು ಆನ್‌ಲೈನಿನಲ್ಲೇ. ಕಸ್ತೂರ್ಬಾ ರಸ್ತೆಯ ಕಟ್ಟಡಕ್ಕೆ ಜನ ಕಾಲಿಟ್ಟದ್ದು 2023ರಲ್ಲಿ.

ಎರಡು ದೇಶಗಳ ವಿದ್ಯಾರ್ಥಿಗಳು ಆನ್‌ಲೈನಿನಲ್ಲಿ ಕೂಡಿದ ತರಗತಿಯೊಂದರಲ್ಲಿ, ತಲೆಗೆ ಬಟ್ಟೆ ಸುತ್ತಿ ಕಿವಿಗೆ ಹತ್ತಿ ಇಟ್ಟುಕೊಂಡ ಹೆಂಗಸಿನ ಚಿತ್ರ ಪರದೆಗೆ ಬಂತೆನ್ನಿ. ಪರದೇಶದ ನರ್ಸಿಂಗ್ ವಿದ್ಯಾರ್ಥಿಗೆ ಅದು ಗಾಯದ ಕಟ್ಟು, ಕಿವಿನೋವು. ನಮ್ಮ ಕಡೆಯ ಹುಡುಗಿಗೆ ನೋಡಿದೊಡನೆ ಗೊತ್ತು: ಬಾಣಂತಿ, ಗಾಳಿ ಸೋಕದಿರಲೆಂದು ಅಮ್ಮ ಮಾಡಿದ ಆರೈಕೆ. ‘ಏನನ್ನು ನೋಡಿ ಹಾಗೆ ಹೇಳಿದಿರಿ?’ ಎಂದು ಕೇಳಿದಾಗ ಇಬ್ಬರೂ ಬೆರಳು ತೋರಿಸುವುದು ಅದೇ ಬಟ್ಟೆಗೆ, ಅದೇ ಹತ್ತಿಗೆ.